ನಲವತ್ತೆಂಟರಲ್ಲಿ ಮೂವತ್ತಾರು

ದೇವರು ನೀರನ್ನೂ ಕೊಟ್ಟ, ನೀರು ಬೇಡ ಅನ್ನುವ ಗಿಡವನ್ನೂ ಕೊಟ್ಟ. ಎರಡೂ ಒಂದೇ ಅಂಗಳಕ್ಕೆ ಬಂದು ನಿಂತರೆ ಏನಾಗುತ್ತದೆ ಎಂಬುದನ್ನು ಮೆಕಿನ್ನಿಯ ಒಂದು ಬೀದಿಯವರು ಈ ವರ್ಷ ಕಣ್ಣಾರೆ ಕಂಡರು. ಡಾಲಸ್‌ನಿಂದ ಉತ್ತರಕ್ಕೆ ಮುಕ್ಕಾಲು ಗಂಟೆಯ ದಾರಿ. ಬೀದಿಯಲ್ಲಿ ಹದಿನೇಳು ಮನೆ. ಹದಿನಾರರ ಮುಂದೆ ಹುಲ್ಲು, ಒಂದರ ಮುಂದೆ ಮಾತ್ರ ಹುಲ್ಲು ಕಿತ್ತ ನೆಲ.

ಆ ಮನೆ ಸುಚೇತಾಳದು. ಹಗಲು ಪ್ಲೇನೋದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಶನಿವಾರ ಉದ್ಯಾನ ವಿನ್ಯಾಸದ ಕ್ಲಾಸು. ಎರಡು ವರ್ಷ ಕಲಿತು ಮುಗಿಸಿ ತನ್ನ ಕೈಯಾರೆ ಬರೆದ ಮೊದಲ ನಕ್ಷೆಯನ್ನು ತನ್ನದೇ ಅಂಗಳದ ಮೇಲೆ ಇಳಿಸಿದ್ದಳು. ನಡುವೆ ಅಡ್ಡಡ್ಡ ಹಾಯುವ ಎರಡು ಕಾಲುದಾರಿ, ನಾಲ್ಕು ಚೌಕ ಪಾತಿ, ಪಾತಿಗೆ ಹನ್ನೆರಡರಂತೆ ನಲವತ್ತೆಂಟು ಗಿಡ. ಲ್ಯಾವೆಂಡರ್, ರೋಸ್‌ಮೇರಿ, ಸೇಜ್, ಬೂದಿ ಬಣ್ಣದ ಸ್ಯಾಂಟೊಲಿನಾ. ಎಲ್ಲವೂ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳವು, ಬಿಸಿಲನ್ನೇ ಉಂಡು ಬದುಕುವಂಥವು. ಈ ತೋಟ ನಿಂತರೆ ಅದೇ ಬಡಾವಣೆಯ ಇನ್ನಿಬ್ಬರು ತಮ್ಮ ಅಂಗಳ ಕೊಡುತ್ತೇವೆ ಎಂದಿದ್ದರು. ಹಾಗಾದರೆ ಕೆಲಸ ಬಿಟ್ಟು ಇದನ್ನೇ ಹಿಡಿಯಬೇಕು ಎಂಬುದು ಅವಳ ಆಸೆ.

ಮನೆ ಮುಂದೆ ಹುಲ್ಲೇ ಇರಬೇಕು ಎಂಬ ನಿಯಮದ ಬಡಾವಣೆಯ ಕಮಿಟಿ ಸುಲಭಕ್ಕೆ ಒಪ್ಪಲಿಲ್ಲ. ಅಧ್ಯಕ್ಷೆ ಲಿಂಡಾ, ನಿವೃತ್ತ ಟೀಚರು, ಷರತ್ತು ಹಾಕಿದಳು: ಜೂನ್ ಎರಡನೇ ಶನಿವಾರ ಬಂದು ಎಣಿಸುತ್ತೇನೆ. ನಲವತ್ತೆಂಟರಲ್ಲಿ ಮೂವತ್ತಾರಾದರೂ ಬದುಕಿರಬೇಕು. ಸತ್ತ ಕಡೆ ಹೊಸದು ತಂದು ನೆಡುವ ಹಾಗಿಲ್ಲ. ಒಂದು ಕಡಿಮೆಯಾದರೂ ಹುಲ್ಲು ವಾಪಸ್.

"ಮೂವತ್ತಾರೇನು, ನಲವತ್ತೆಂಟೂ ತೋರಿಸ್ತೀನಿ!" ಎಂದು ಸುಚೇತಾ ಸಹಿ ಮಾಡಿ ಬಂದಳು.

ನೆಟ್ಟದ್ದು ಮಾರ್ಚ್ ಮೊದಲ ವಾರ. ಏಪ್ರಿಲ್ ನಡುವಿಗೆ ಲ್ಯಾವೆಂಡರ್‌ನ ಕೆಳಗಿನ ಎಲೆ ಹಳದಿಗೆ ತಿರುಗಿತು. ಬುಡ ಕಪ್ಪಾಯಿತು. ವಾರದೊಳಗೆ ಮೂರು ಸತ್ತವು, ಆಮೇಲೆ ಐದು.

"ರೀ, ಸ್ಪ್ರಿಂಕ್ಲರ್ ಪೂರ್ತಿ ಬಂದ್ ಮಾಡೀರೋ ಇಲ್ಲೋ?" ಎಂದು ಗಂಡನನ್ನು ಹಿಡಿದು ನಿಲ್ಲಿಸಿದಳು.

"ಫೆಬ್ರುವರಿಯಾಗ ಬಂದ್ ಮಾಡೇನಿ. ನಾಕನೇ ಸಲ ಕೇಳಾಕತ್ತಿ," ಎಂದ ಶ್ರೀಶೈಲ್, ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತ. ರವಿವಾರದ ಅಡುಗೆ ಅವನದು.

"ಮತ್ತ ಮಣ್ಣು ಯಾಕ ಹಸಿ ಐತಿ?"

"ನನ್ನ ಕೇಳಿದ್ರ? ಕ್ಲಾಸಿಗೆ ಹೋದಾಕಿ ನೀನು."

"ಕುಚೋದ್ಯ ಬ್ಯಾಡ."

"ಕುಚೋದ್ಯ ಅಲ್ಲ. ಎಣ್ಣಿ ಎಲ್ಲಿಟ್ಟೀದಿ?"

ಈ ಮಾತೆಲ್ಲ ಕೇಳುತ್ತ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಸುಚೇತಾಳ ತಾಯಿ ಸುಮಿತ್ರವ್ವ. ನರಗುಂದದ ಕಡೆಯ ಹಳ್ಳಿಯವಳು. ಮಗಳ ಮನೆಗೆ ಬಂದು ಆರು ವರ್ಷವಾಗಿತ್ತು. ಅಳಿಯನ ಮನೆ ಎಂಬ ಸಂಕೋಚಕ್ಕೆ ದೊಡ್ಡ ದನಿ ತೆಗೆದವಳಲ್ಲ. ತೆಗೆದರೆ ಮಗಳ ಮೇಲೆ ಮಾತ್ರ. ಆ ದಿನ ಏಕೋ ರೊಟ್ಟಿ ಸ್ವಲ್ಪ ಜೋರಾಗಿಯೇ ಬಡಿದಳು.

ಮುಂದಿನ ಶನಿವಾರ ಮುಂಜಾನೆ ನಾಷ್ಟಾಕ್ಕೆ ಉಪ್ಪಿಟ್ಟು. ಹದಿಮೂರರ ಮಗಳು ತನ್ವಿ ಫೋನಿನಲ್ಲಿ ಬಾಗಿಲ ಕ್ಯಾಮೆರಾ ನೋಡುತ್ತಿದ್ದವಳು ಚಮಚ ಕೈಬಿಟ್ಟಳು.

"ಮಾಮ್! ಓ ಮೈ ಗಾಡ್, ಮಾಮ್! ಕಲ್ಪ್ರಿಟ್ ಸಿಕ್ಕಿತು!"

ಮೂವರೂ ತಲೆ ಕೂಡಿಸಿ ನೋಡಿದರು. ಬೆಳಗಿನ ಐದೂ ಮುಕ್ಕಾಲು. ಹಣೆ ತುಂಬ ವಿಭೂತಿ, ಒಂದು ಕೈಯಲ್ಲಿ ಪೂಜೆಯ ತಂಬಿಗೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಸುಮಿತ್ರವ್ವ ಗಿಡದಿಂದ ಗಿಡಕ್ಕೆ ಬಾಗುತ್ತಿದ್ದಳು. ಕ್ಯಾಮೆರಾ ಮಾತನ್ನೂ ಹಿಡಿದಿತ್ತು.

"ಕುಡಿ ನನ್ನ ಬಂಗಾರ, ಕುಡಿ. ನಿಮ್ಮವ್ವ ನಿಮ್ಮನ್ನ ಉಪವಾಸ ಕೆಡವ್ಯಾಳ. ಓದಿದಾಕಿ ಆಕಿ, ಆಕೀಗೇನು ಗೊತ್ತಾಗತೈತಿ."

ಶ್ರೀಶೈಲ್‌ಗೆ ನಗು ತಡೆಯಲಾಗಲಿಲ್ಲ. ಸುಚೇತಾ ಅವನನ್ನು ನೋಡಿದ ರೀತಿಗೆ ಉಪ್ಪಿಟ್ಟು ಗಂಟಲಲ್ಲಿ ನಿಂತಿತು.

"ಅವ್ವಾ!"

ಸುಮಿತ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಫೋನಿನಲ್ಲಿ ತನ್ನನ್ನೇ ಕಂಡಳು. ಅಂಜಲಿಲ್ಲ.

"ಹೌದು, ಹಾಕೇನಿ. ಲಿಂಗಪೂಜಿ ಆದಮ್ಯಾಲೆ ಬಾಯಾರಿದ ಜೀವಕ್ಕ ನೀರು ಕೊಟ್ಟು ನಾ ತುತ್ತು ಮುಟ್ಟಾಕಿ. ನಮ್ಮವ್ವ ಹಂಗ, ನಾನೂ ಹಂಗ. ನೀರು ಹಾಕಿದ್ದು ತಪ್ಪೇನ?"

"ಈ ಗಿಡಕ್ಕ ತಪ್ಪು! ನೀರೇ ಇವಕ್ಕ ವಿಷ. ಎಂಟು ಸತ್ತಾವ ಅವ್ವಾ, ಎಂಟು!"

"ನೀರು ಕುಡಿದು ಸತ್ತ ಗಿಡ ನಾ ಇದ ಮೊದಲು ಕೇಳಿದ್ದು."

"ಎರಡು ವರ್ಷ ಕಲ್ತೇನಿ ನಾನು!"

"ನಾ ಎಪ್ಪತ್ತು ವರ್ಷ ನೋಡೇನಿ."

"ಇನ್ನ ಮ್ಯಾಲೆ ಒಂದು ಹನಿ ಹಾಕಬಾರದು. ನನ್ನ ಮ್ಯಾಲೆ ಆಣಿ."

ಸುಮಿತ್ರವ್ವ ಮಗಳ ಮುಖ ನೋಡಿದಳು. "ಆತು ಬಿಡು," ಎಂದಳು. ತನ್ನ ತಟ್ಟೆ ಸರಿಸಿ ಒಳಗೆ ಹೋದಳು.

ಆಣೆ ಉಳಿಯಿತು, ನಾಷ್ಟಾ ನಿಂತಿತು. ಮರುದಿನದಿಂದ ಸುಮಿತ್ರವ್ವ ಪೂಜೆ ಮುಗಿಸಿ ಕಿಟಕಿಯ ಹತ್ತಿರ ಕೂತಳು. ಮಧ್ಯಾಹ್ನ ಎಲ್ಲರ ಜೊತೆ ಅರ್ಧ ರೊಟ್ಟಿ, ಅಷ್ಟೆ. ಮಾತಾಡಿಸಿದರೆ ನಗುತ್ತಲೇ ಮಾತಾಡುತ್ತಿದ್ದಳು, ಅದು ಇನ್ನೂ ಕಷ್ಟವಾಯಿತು.

"ಅತ್ತಿ, ಒಂದು ದ್ವಾಶಿ ಆದ್ರೂ ತಿನ್ರಿ," ಎಂದು ಶ್ರೀಶೈಲ್ ತಟ್ಟೆ ಹಿಡಿದು ನಿಂತ.

"ಹಸಿವಿಲ್ಲ ಬಿಡ್ರಿ."

ಅಡುಗೆಮನೆಯಲ್ಲಿ ಅವನು ಹೆಂಡತಿಗೆ ಹೇಳಿದ: "ನಾಕು ದಿನಾತು. ನಿನ್ನ ಗಿಡ ಉಳಿಯಾಕ ಅವ್ವ ಒಣಗಬೇಕೇನ?"

"ನಾನೇನು ಉಣಬ್ಯಾಡ ಅಂದೇನೇನು?" ಎಂದಳು ಸುಚೇತಾ. "ಆಕೀನ ಕೇಳ್ರಿ. ಹಟಾ ಯಾರದು?"

"ಇಬ್ಬರದೂ. ಒಂದ ಗಡಿಗ್ಯಾಗಿನ ಹುಳಿ."

ಅಷ್ಟರಲ್ಲಿ ಇನ್ನೆರಡು ಗಿಡ ಹೋದವು. ಉಪಾಯ ತೆಗೆದದ್ದು ತನ್ವಿ. ಅಮ್ಮ ನಕ್ಷೆ ಬರೆಯುವ ಮುಂಚೆ ಹೂಸ್ಟನ್ನಿನ ಹಳೆಯ ಬಂಗಲೆಯೊಂದರ ತೋಟ ನೋಡಿ ಹುಚ್ಚು ಹಿಡಿಸಿಕೊಂಡು ಬಂದಿದ್ದಳಲ್ಲ, ಅದನ್ನು ಅಜ್ಜಿಗೂ ತೋರಿಸಿದರೆ? "ಶಿ ಹ್ಯಾಸ್ ಟು ಸೀ ಇಟ್, ಮಾಮ್. ನೀವು ಬರೀ ಬೈತೀರಾ. ಷೋ ಹರ್!"

ಶುಕ್ರವಾರ ಮೂರಕ್ಕೇ ಲ್ಯಾಪ್‌ಟಾಪ್ ಮುಚ್ಚಿ ಹೊರಟರು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹೂಸ್ಟನ್ನಿನ ಹೋಟೆಲಿನಲ್ಲಿ ತಂಗಿ, ಶನಿವಾರ ತೋಟದ ಬಾಗಿಲು ತೆಗೆಯುವ ಹೊತ್ತಿಗೆ ಬಾಗಿಲಲ್ಲಿದ್ದರು.

ಒಳಗೆ ಹೆಜ್ಜೆ ಇಟ್ಟ ಸುಮಿತ್ರವ್ವ ಅಲ್ಲೇ ನಿಂತುಬಿಟ್ಟಳು. ಮೊಣಕಾಲೆತ್ತರದ ಹಸಿರು ಬೇಲಿ ಅಳತೆ ಹಿಡಿದು ಕತ್ತರಿಸಿದಂತೆ ಸುತ್ತಿ, ತಿರುಗಿ, ಚೌಕವಾಗಿ, ವೃತ್ತವಾಗಿ ಹರಿದಿತ್ತು. ಎಡಗಡೆ ಏನಿದೆಯೋ ಬಲಗಡೆಗೂ ಅದೇ. ದಾರಿಯ ತುದಿಯಲ್ಲಿ ಅಮೃತಶಿಲೆಯ ಹೆಣ್ಣುಮೂರ್ತಿ, ಅದರ ಹಿಂದೆ ಆಕಾಶ.

"ಶಿವನ! ನೆಲಕ್ಕ ಕಸೂತಿ ಹಾಕ್ಯಾರಲ್ಲೇ ಸುಚೀ!"

ಧಾರವಾಡದ ಕಸೂತಿ ಹೆಣೆದ ಕೈ ಅದು. ಎಳೆ ಎಣಿಸದೆ ಅವಳ ಕಣ್ಣು ಸುಮ್ಮನಿರುವುದಿಲ್ಲ. ಬಿರಬಿರನೆ ನಡೆದಳು. "ಇಲ್ಲಿ ನಾಕು, ಅಲ್ಲಿ ನಾಕು. ಇದು ಗೋಪುರ ಆತು, ಇದು ಕುದರಿ ಹೆಜ್ಜಿ. ಎಷ್ಟು ವರ್ಷದ್ದವಾ ಇದು?"

"ಹತ್ತಿರ ಹತ್ತಿರ ನೂರು, ಅವ್ವಾ!" ಸುಚೇತಾ ವಾರದ ಸಿಟ್ಟು ಮರೆತು ಓಡೋಡಿ ಹಿಂದೆ ಬಂದಳು. "ನೋಡು, ಆ ನಾಕು ಚೌಕ ನೋಡು. ಅದನ್ನ ನಾ ನಮ್ಮ ಅಂಗಳಕ್ಕ ತಂದಿದ್ದು. ಆದರ ಇಲ್ಲಿ ನೀರು ಕುಡಿಯೂ ಗಿಡ. ನಾ ಅದ ನಕ್ಷಿ ಒಣ ಗಿಡದಾಗ ಬರೀಬೇಕು ಅಂದೆ."

"ಇಂಥಾದ್ದು ನಿನ್ನ ತಲ್ಯಾಗ ಇತ್ತೇನು? ಹೇಳಬಾರದ ನನಗ?"

"ಹೇಳಾಕ ನೀ ಬಿಟ್ಟರ ಹೌದಲ್ಲ."

ನಾಲ್ಕು ದಾರಿ ಕೂಡುವಲ್ಲಿ ಕಲ್ಲಿನ ಅಗಲ ಬೋಗುಣಿ ಇತ್ತು. ಅಂಚಿನ ಮೇಲೆ ಕೆಂಪು ಹಕ್ಕಿಯೊಂದು ಕೂತು ಕೊಕ್ಕು ಅದ್ದಿ ಕತ್ತೆತ್ತಿ ನುಂಗುತ್ತಿತ್ತು. ಇನ್ನೆರಡು ಸರದಿಗೆ ಕಾದಿದ್ದವು. ಸುಮಿತ್ರವ್ವ ಬಹಳ ಹೊತ್ತು ನೋಡಿದಳು. ಕೈ ತಾನಾಗಿ ಮುಗಿಯಿತು.

"ಮಧ್ಯದಾಗ ನೀರು ಇಟ್ಟಾರ. ಬೇಕಾದವರು ಬಂದು ಕುಡೀತಾರ," ಎಂದಳು. "ತನ್ವೀ, ಡಬ್ಬಿ ತಾ ಇಲ್ಲೆ."

ಜೊತೆಗೆ ತಂದಿದ್ದ ತಂಬಿಗೆಯ ನೀರನ್ನು ಬೋಗುಣಿಗೆ ಸುರಿದಳು. ಕಲ್ಲಿನ ಬೆಂಚಿನ ಮೇಲೆ ಕೂತು ಏಳು ದಿನದ ಮೇಲೆ ಮುಂಜಾನೆಯ ರೊಟ್ಟಿ ಮುರಿದಳು. ತೋಟದೊಳಗೆ ತಿನ್ನುವಂತಿಲ್ಲ ಎಂದು ಹಲಗೆ ಇತ್ತು. ಶ್ರೀಶೈಲ್ ಅದಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತ.

ಬೇಲಿ ಕತ್ತರಿಸುತ್ತಿದ್ದ ಹಿರಿಯ ತೋಟಗಾರ ಹೆಕ್ಟರ್ ನಕ್ಕ. ತನ್ವಿಗೆ ಶಾಲೆಯ ಸ್ಪ್ಯಾನಿಷ್ ಬರುತ್ತಿತ್ತು. ಅಜ್ಜಿ ಕೇಳಿದ್ದನ್ನು ಆಚೆ ದಾಟಿಸಿ, ಅವನು ಹೇಳಿದ್ದನ್ನು ಈಚೆ ತಂದಳು.

"ಅಜ್ಜಿ, ಆ ಮೂಲೆಯಲ್ಲಿ ಲ್ಯಾವೆಂಡರ್ ಇದೆಯಂತೆ, ಇಪ್ಪತ್ತು ಮಾತ್ರ. ಇಲ್ಲಿ ಮಳೆ ಜಾಸ್ತಿ ಅಲ್ವಾ, ಅದಕ್ಕೆ ಎತ್ತರದಲ್ಲಿ ಇಟ್ಟಿದ್ದಾರೆ. ಬೇರು ಒದ್ದೆಯಲ್ಲಿ ನಿಂತ್ರೆ ಕೊಳೆಯುತ್ತಂತೆ."

ಸುಮಿತ್ರವ್ವ ಮೂಲೆಗೆ ಹೋಗಿ ಕೂತಳು. ಇಟ್ಟಿಗೆಯ ಅಂಚಿನ ಪಕ್ಕ ಗೇಣು ಹಚ್ಚಿ ಅಳೆದಳು. ಕಾರು ಆಸ್ಟಿನ್ ಕಡೆಗೆ ತಿರುಗಿದ ಮೇಲೆ ಬಾಯಿ ಬಿಟ್ಟಳು.

"ಅವರ ಪಾತಿ ದಾರಿಗಿಂತ ಗೇಣು ಎತ್ತರ ಐತಿ. ನಿಂದು?"

"ದಾರಿ ಸಮ. ಅದು ಡಿಸೈನ್ ಅವ್ವಾ."

"ಮನಿಗೆ ಹೋದ ಕೂಡಲೆ ಒಂದು ಗಿಡ ಕಿತ್ತು ಬುಡ ನೋಡೂಣು."

"ಬ್ಯಾಡ! ಇನ್ನ ಮೂರು ಸತ್ತರ ಮುಗೀತು. ಕಿತ್ತದ್ದು ಸಾಯತೈತಿ. ಮ್ಯಾಲೆ ಸಣ್ಣ ಕಲ್ಲಿನ ಗರಸು ಹಾಕಿ ಮುಚ್ಚಿದ್ರ ಬುಡ ಒಣಗತಾವ. ಅದಕ್ಕ ಆಸ್ಟಿನ್‌ಗೆ ಹೊಂಟೀವಿ."

"ಗಾಯ ನೋಡದ ಪಟ್ಟಿ ಕಟ್ಟತೀ?"

"ಅವ್ವಾ, ತೋಟ ನಂದು."

"ಹ್ಞೂಂ. ತೋಟ ನಿಂದು, ಮನಿ ಅಳಿಯಂದಿರದು. ನನ್ನದು ತಂಬಿಗಿ ಒಂದ."

ಕನ್ನಡಿಯಲ್ಲಿ ತಾಯಿಯ ಮುಖ ಕಂಡು ಸುಚೇತಾ ತುಟಿ ಕಚ್ಚಿದಳು. ಆದರೆ ಒಪ್ಪಲಿಲ್ಲ. ಮರುದಿನ ಆಸ್ಟಿನ್ನಿನ ಹೊರಗೊಂದು ನರ್ಸರಿಯಲ್ಲಿ ಗುಲಾಬಿ ಬಣ್ಣದ ಗರಸು, ಹದಿನಾಲ್ಕು ಚೀಲ ಹೇರಿಕೊಂಡರು. ಅಗಲ ಬಾಯಿಯ ಮಣ್ಣಿನ ಬೋಗುಣಿ ಒಂದನ್ನು ಸುಮಿತ್ರವ್ವ ಮಡಿಲಲ್ಲೇ ಇಟ್ಟುಕೊಂಡು ಬಂದಳು. ಅದನ್ನು ಸುಚೇತಾ ಬೇಡ ಅನ್ನಲಿಲ್ಲ. ತೋಟದ ನಟ್ಟನಡುವೆ ತಾನೇ ಇಟ್ಟಳು.

ಸೋಮವಾರ ಮುಂಜಾನೆ ಬೋಗುಣಿ ತುಂಬಿಸಿ ಸುಮಿತ್ರವ್ವ ಅಲ್ಲೇ ನಿಂತಿದ್ದಳು. ಅಳಿಯ ಕಸದ ಡಬ್ಬಿ ತಳ್ಳಿಕೊಂಡು ಬಂದ.

"ಅಳಿಯಂದಿರ, ಒಂದು ಉಪಕಾರ."

"ಹೇಳ್ರಿ ಅತ್ತಿ."

"ಈ ಗಿಡ ಸತ್ತೈತಿ. ಸತ್ತದ್ದನ್ನ ಕಿತ್ತರ ಆಕಿ ಏನೂ ಅನ್ನೂಹಂಗಿಲ್ಲ. ಹೌದಲ್ರಿ?"

ಶ್ರೀಶೈಲ್ ಬಾಗಿಲ ಕಡೆ ಒಮ್ಮೆ ನೋಡಿದ. "ನಾ ಸಲಿಕಿ ತರತೀನಿ. ನೀವು ಮಾತ್ರ ಸಣ್ಣಾಗಿ ಮಾತಾಡ್ರಿ."

ಗಿಡ ಎತ್ತಿದ ಕುಣಿಯ ತಳದಲ್ಲಿ ನೀರು ನಿಂತಿತ್ತು. ಕನ್ನಡಿಯ ಹಾಗೆ ನಿಂತಿತ್ತು. ಆಕಾಶ ಅದರಲ್ಲಿ ಕಾಣುತ್ತಿತ್ತು.

"ಸುಚೀ! ಏ ಸುಚೀ! ಬಾ ಇಲ್ಲೆ!" ದನಿ ಬೀದಿಯ ಆ ತುದಿಗೆ ಮುಟ್ಟಿತು.

ಸುಚೇತಾ ಚಹಾದ ಲೋಟ ಹಿಡಿದೇ ಓಡಿ ಬಂದಳು. "ಏನ್ ಮಾಡೀರಿ ಇಬ್ಬರೂ!"

"ಬೈಯ್ಯೂದು ಆಮ್ಯಾಲೆ. ಮೊದಲು ನೋಡು. ಒಂಬತ್ತು ದಿನಾತು, ನಾ ಹನಿ ಹಾಕಿಲ್ಲ. ನಿನ್ನ ಆಣಿ. ಮಳಿ ಬಂದಿಲ್ಲ. ಈ ನೀರು ಎಲ್ಲಿಂದ ಬಂತು?"

ಸುಚೇತಾ ಮಂಡಿಯೂರಿದಳು. ಸುಮಿತ್ರವ್ವ ಕುಣಿಯ ಗೋಡೆಯಿಂದ ಮಣ್ಣು ಕೆರೆದು ಮುಷ್ಟಿಯಲ್ಲಿ ಹಿಚುಕಿದಳು. ಬೆರಳ ಗುರುತು ಹಾಗೇ ಉಳಿಯಿತು.

"ಎರಿ! ಇದು ನಮ್ಮೂರ ಕರಿ ಎರಿ ಮಣ್ಣು ಐತಿ! ಆರು ವರ್ಷ ಹುಲ್ಲಿನ ಕೆಳಗ ಇದು ಅಡಗಿ ಕುಂತೈತಿ, ನನಗ ಗೊತ್ತ ಇಲ್ಲ!" ಗಿಡ ನೆಟ್ಟ ವಾರ ಅವಳು ಫ್ರಿಸ್ಕೋದ ಸಂಬಂಧಿಕರ ಮನೆಯ ಬಾಣಂತನಕ್ಕೆ ಹೋಗಿದ್ದಳು; ಬರುವ ಹೊತ್ತಿಗೆ ಪಾತಿಯ ಮೇಲೆಲ್ಲ ಅಂಗಡಿಯ ಮಣ್ಣು ಹರಡಿತ್ತು. "ನೀ ಎರ್ಯಾಗ ಕುಣಿ ತಗದೀ, ಒಳಗ ಅಂಗಡಿ ಮೆತ್ತನ ಮಣ್ಣು ತುಂಬೀದಿ. ಸುತ್ತ ಎರಿ ಗಡಗಿ ಇದ್ದಂಗ. ಒಳಗ ಬಿದ್ದ ನೀರು ಎಲ್ಲಿಗೆ ಹೋಗಬೇಕು ಹೇಳು? ನಲವತ್ತೆಂಟು ಗಡಗ್ಯಾಗ ನಲವತ್ತೆಂಟು ಗಿಡ ಮುಳುಗಿಸೀದಿ."

ಸುಚೇತಾ ಕುಣಿಯನ್ನು ನೋಡಿದಳು. ಕ್ಲಾಸಿನಲ್ಲಿ ಇದನ್ನು ಹೇಳಿದ್ದರು, ಅವಳು ಬರೆದುಕೊಂಡೂ ಇದ್ದಳು. ನಕ್ಷೆಯ ಚೆಂದಕ್ಕೆ ಪಾತಿ ನೆಲದ ಸಮಕ್ಕೇ ಇರಲಿ ಎಂದುಕೊಂಡಿದ್ದಳು.

"ನೀ ಹಾಕಿದ ನೀರು ಅಷ್ಟ ಅಲ್ಲ," ಎಂದಳು ಸಣ್ಣಗೆ. "ನಾ ತಗದ ಕುಣೀನೂ."

"ಇಬ್ಬರೂ ಕೂಡಿ ಕೊಂದೀವಿ, ಇಬ್ಬರೂ ಕೂಡಿ ಉಳಸೂಣು. ಏಳು! ಇವತ್ತ ಕೆಲಸಕ್ಕ ರಜಾ ಹಾಕು."

"ಅತ್ತಿ, ನಾನೂ ಹಾಕಲ್ರಿ?" ಎಂದ ಶ್ರೀಶೈಲ್.

"ನೀವು ಹಾಕದ ಚೀಲ ಯಾರು ಹೊರಬೇಕ್ರಿ?"

ಅಲ್ಲಿಂದ ಆ ಮನೆ ಜಾತ್ರೆಯಾಯಿತು. ಉಳಿದ ಮೂವತ್ತೆಂಟು ಗಿಡ ಒಂದೊಂದೇ ಎತ್ತಿ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಟ್ಟರು. ಕುಣಿಗಳನ್ನು ಅದೇ ಎರೆಯಿಂದ ಮುಚ್ಚಿ ತುಳಿದರು. ಅದರ ಮೇಲೆ ಮೊಣಕಾಲೆತ್ತರ ದಿಬ್ಬ, ಅರ್ಧ ಮಣ್ಣು ಅರ್ಧ ಗರಸು. ಚೀಲ ಸಾಲದೆ ಶ್ರೀಶೈಲ್ ಟ್ರಕ್ಕಿನಲ್ಲಿ ಇನ್ನಷ್ಟು ತರಿಸಿದ. ಚೌಕಗಳು ಎದ್ದು ನಿಂತಾಗ ಸುಚೇತಾಳಿಗೇ ಆಶ್ಚರ್ಯವಾಯಿತು: ಕಾಗದದ ಮೇಲಿನದಕ್ಕಿಂತ ಚೆಂದವಿತ್ತು!

ಮೇ ಬಿಸಿಲು ಏರಿತು. ಸುಮಿತ್ರವ್ವ ಹಳೆಯ ಇಳಕಲ್ ಸೀರೆ ಮೂರು ತೆಗೆದು ಕೋಲಿಗೆ ಕಟ್ಟಿ ಗಿಡಗಳಿಗೆ ಚಪ್ಪರ ಎಳೆದಳು. ಬೀದಿ ಪೂರ್ತಿ ತಿರುಗಿ ನೋಡಿತು. ಮೂರನೇ ದಿನ ಲಿಂಡಾಳಿಂದ ಇಮೇಲ್: ಮನೆ ಮುಂದೆ ಬಟ್ಟೆ ಒಣಗಿಸಬಾರದು. ಇದು ಬಟ್ಟೆಯಲ್ಲ, ಗಿಡಗಳ ಕೊಡೆ ಎಂದು ತನ್ವಿ ಫೋಟೊ ಸಮೇತ ಉತ್ತರ ಬರೆದಳು. ಅದಕ್ಕೆ ಮಾರುತ್ತರ ಬರಲಿಲ್ಲ.

ವಿಚಿತ್ರವೆಂದರೆ ಈಗ ಜಗಳ ತಿರುಗುಮುರುಗಾಯಿತು.

"ಅವ್ವಾ, ಕಿತ್ತು ನೆಟ್ಟ ಗಿಡ. ಒಂದೀಟು ನೀರು ಬೇಕ ಬೇಕು."

"ಕೈ ಮುರೀತೀನಿ. ನೀರೇ ವಿಷ ಅಂದಾಕಿ ಯಾರು?"

"ಬೇರು ಹಿಡಿಯೂತನಾ ಅಷ್ಟ!"

"ಐತವಾರ, ಗಿಡಕ್ಕ ಅರ್ಧ ತಂಬಿಗಿ. ನಾ ಅಳದು ಕೊಡ್ತೀನಿ. ಮ್ಯಾಲೆ ಕೇಳಿದ್ರ ತಂಬಿಗಿ ಬಚ್ಚಿಡತೀನಿ."

ಹಾಗೇ ನಡೆಯಿತು. ಮೇ ಕೊನೆಗೆ ಒಂದು ಹೋಯಿತು. ಜೂನ್ ಮೊದಲ ವಾರ ಇನ್ನೊಂದು. ಉಳಿದದ್ದು ಸರಿಯಾಗಿ ಮೂವತ್ತಾರು. ಅದರಲ್ಲಿ ಬೀದಿಯ ಅಂಚಿನ ರೋಸ್‌ಮೇರಿಯೊಂದು ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಿತು. ಸುಚೇತಾಳಿಗೆ ಊಟ ರುಚಿಸಲಿಲ್ಲ. ಉಳಿದವು ಮಾತ್ರ ಹಟ ತೊಟ್ಟವರಂತೆ ಚಿಗುರಿದವು. ಲ್ಯಾವೆಂಡರ್ ನೀಲಿಯಾಯಿತು, ಜೇನುಹುಳ ಬಂದವು. ಆ ವಾರ ನಗರದವರು ನೀರಿಗೆ ಕಟ್ಟುಪಾಡು ಹಾಕಿದರು, ಹದಿನಾರು ಮನೆಯ ಹುಲ್ಲು ಗೋಧಿ ಬಣ್ಣಕ್ಕೆ ತಿರುಗಿತು. ಸಂಜೆ ವಾಕಿಂಗಿಗೆ ಬಂದವರು ಈ ಮನೆ ಮುಂದೆ ನಿಂತು ಮೂಗರಳಿಸಿ ಹೋಗುತ್ತಿದ್ದರು.

ಎರಡನೇ ಶನಿವಾರ ಹತ್ತಕ್ಕೆ ಲಿಂಡಾ ಬಂದಳು. ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಫಾರಂ. ಒಂದೊಂದು ಗಿಡವನ್ನೂ ಬಗ್ಗಿ ನೋಡಿ ಗೀಟು ಹಾಕಿದಳು. ಮನೆಯವರು ನಾಲ್ವರೂ ಮೆಟ್ಟಿಲ ಮೇಲೆ. ತನ್ವಿ ಉಗುರು ಕಡಿಯುತ್ತಿದ್ದಳು. ಶ್ರೀಶೈಲ್ ಒಳಗೊಳಗೇ ಎಣಿಸುತ್ತಿದ್ದ.

"ಮೂವತ್ತೈದು," ಎಂದಳು ಲಿಂಡಾ ಕಡ್ಡಿಯ ಮುಂದೆ ನಿಂತು. "ಇದು ಹೋಗಿದೆ. ತುಂಬ ಸಾರಿ, ಸುಚೇತಾ. ನನಗೂ ಬೇಜಾರೇ. ಆದರೆ ರೂಲ್ ರೂಲೇ."

ಸುಚೇತಾ ತಲೆ ಆಡಿಸಿದಳು.

ಸುಮಿತ್ರವ್ವ ಮೆಟ್ಟಿಲಿಳಿದಳು. "ನಿಲ್ರಿ ಅಕ್ಕಾವ್ರ!" ಲಿಂಡಾಳ ಮುಂಗೈ ಹಿಡಿದಳು. ಲಿಂಡಾ ಬೆಚ್ಚಿಬಿದ್ದಳು. ಸುಮಿತ್ರವ್ವ ಬಗ್ಗಿ, ಆ ಒಣ ಕಡ್ಡಿಯ ಬುಡಕ್ಕೆ ಲಿಂಡಾಳದೇ ಹೆಬ್ಬೆರಳ ಉಗುರು ಒತ್ತಿ ಕೆರೆಸಿದಳು. ಸಿಪ್ಪೆ ಎದ್ದಿತು. ಒಳಗೆ ಹಸಿರು! ಎಳೆ ಅವರೆಕಾಯಿಯಂಥ ಹಸಿ ಹಸಿರು. ಗಮ್ಮೆಂದು ವಾಸನೆ ಎದ್ದಿತು.

ಲಿಂಡಾ ತನ್ನ ಉಗುರನ್ನು ನೋಡಿದಳು, ಮೂಗಿಗೆ ಹಿಡಿದಳು, ಮತ್ತೆ ನೋಡಿದಳು.

"ಇಟ್ಸ್ ಅಲೈವ್!" ತನ್ವಿ ಮೆಟ್ಟಿಲಿಂದ ಹಾರಿದಳು. "ಥರ್ಟಿ ಸಿಕ್ಸ್! ಥರ್ಟಿ ಸಿಕ್ಸ್!"

"ಮೂವತ್ತಾರು," ಎಂದು ಲಿಂಡಾ ಗೀಟು ಹಾಕಿದಳು. ಅವಳ ಮುಖವೂ ಅರಳಿತ್ತು. ಶ್ರೀಶೈಲ್ ಎರಡೂ ಕೈ ಎತ್ತಿ ಕೂಗಿದ ಕೂಗಿಗೆ ಬೋಗುಣಿಯ ಹಕ್ಕಿಗಳು ಹಾರಿದವು. ಸುಚೇತಾ ತಾಯಿಯ ಹೆಗಲಿಗೆ ಮುಖ ಒತ್ತಿ ಅಳುತ್ತ ನಕ್ಕಳು.

ಫಾರಂ ತುಂಬಬೇಕಿತ್ತು. ತೋಟ ಮಾಡಿದವರ ಹೆಸರು ಎಂದು ಲಿಂಡಾ ಕೇಳಿದಳು. ಸುಚೇತಾ ತನ್ನದು ಹೇಳಿ, "ನಮ್ಮವ್ವಂದೂ ಬರ್ಕೊಳ್ಳಿ," ಎಂದಳು.

ತನ್ವಿ ಅದನ್ನು ಅಜ್ಜಿಗೆ ಹೇಳಿದಳು. ಸುಮಿತ್ರವ್ವ ಕೈ ಅಡ್ಡ ಆಡಿಸಿದಳು. "ಏ, ಬ್ಯಾಡ ಬ್ಯಾಡ! ತೋಟ ಆಕೀದು. ಕೆಳಗ ಸತ್ತವು ಹನ್ನೆರಡು ಅಂತ ಬರದಾರಲ್ಲ, ಅದರ ಮುಂದ ನನ್ನ ಹೆಸರು ಹಾಕ್ರಿ. ಅವು ನಾ ಕೊಂದವು."

"ಎಲ್ಲಾ ನಿನ್ನವು ಹೆಂಗ ಆಗತಾವ? ಕುಣಿ ತಗದಾಕಿ ನಾನು. ಎಂಟು ನನ್ನವು, ನಾಕು ನಿನ್ನವು."

"ನಾಕು? ದಿನಾ ಬಕೀಟು ಹೊತ್ತಾಕಿ ನಾನು! ಕನಿಷ್ಠ ಏಳು ನನ್ನವು."

"ಆರು! ಆರಕ್ಕಿಂತ ಒಂದೂ ಹೆಚ್ಚಿಗಿ ಕೊಡೂದಿಲ್ಲ."

"ಆರೂವರಿ."

ಲಿಂಡಾ ಪೆನ್ನು ಹಿಡಿದು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು. "ಏನಾಯಿತು? ಯಾವುದಕ್ಕೆ ಜಗಳ?"

"ಜಗಳ ಅಲ್ಲ," ಎಂದಳು ತನ್ವಿ. "ಸತ್ತವು ಯಾರ ಪಾಲಿಗೆ ಅಂತ ಕಿತ್ತಾಡ್ತಿದ್ದಾರೆ. ಇಬ್ಬರಿಗೂ ಜಾಸ್ತಿ ಬೇಕಂತೆ."